ಮೊಳದಷ್ಟು ಎಳೆ

31 ಜುಲೈ 2025, ಗುರುವಾರ
ಮೊಳಕಾಲ್ಮುರು

ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ಬರೆಯದೆ ಗತಿಯಿಲ್ಲ, ಯಾಕೆಂದರೆ ಬಾಯಲ್ಲಿ ಹೇಳೋಣವೆಂದರೆ ಹೆಂಡತಿ ಸುಲೋಚನ "ಟಿ.ವಿ. ಆರಿಸಿ ಊಟಕ್ಕೆ ಬನ್ನಿ" ಅನ್ನುತ್ತಾಳೆ.

ಅಮೆರಿಕದವರು ನಮ್ಮ ಸಾಮಾನಿನ ಮೇಲೆ ಇಪ್ಪತ್ತೈದು ಪರ್ಸೆಂಟ್ ಸುಂಕ ಹಾಕುತ್ತಾರಂತೆ. ನಿನ್ನೆಯವರೆಗೆ ಹೆಗಲ ಮೇಲೆ ಕೈ ಹಾಕಿಕೊಂಡು ಗೆಳೆಯ, ಗೆಳೆಯ ಅನ್ನುತ್ತಿದ್ದವರು. ರಷ್ಯಾದಿಂದ ಎಣ್ಣೆ ಕೊಂಡಿದ್ದಕ್ಕೆ ದಂಡ ಬೇರೆ. ನಾವು ಯಾರ ಹತ್ತಿರ ಎಣ್ಣೆ ಕೊಳ್ಳಬೇಕು ಅಂತ ಹೇಳೋದಕ್ಕೆ ಇವರು ಯಾರು?

ಊರಿನವರಿಗೆ ಇದು ಬರೀ ಸುದ್ದಿ, ನನಗೆ ಹೊಟ್ಟೆಪಾಡು. ಬಳ್ಳಾರಿ ಕಡೆಯ ಹೆಣ್ಣುಮಗಳು ಶಿವರಂಜನಿ ನ್ಯೂಜೆರ್ಸಿಯಲ್ಲಿ ಸೀರೆ ಅಂಗಡಿ ಇಟ್ಟಿದ್ದಾಳೆ. ನನ್ನ ಅಂಗಡಿಯ ರೇಷ್ಮೆ ಸೀರೆಗಳಲ್ಲಿ ಅರ್ಧಕ್ಕರ್ಧ ಅವಳಿಗೇ ಹೋಗುತ್ತವೆ. ಈ ದೀಪಾವಳಿಗೂ ದೊಡ್ಡ ಆರ್ಡರ್ ಕೊಟ್ಟಿದ್ದಾಳೆ. ಅವಳಿಗೆ ಬೇಕಾದದ್ದು ಗೋಪುರದಂಥ ಅಂಚಿನ, ಮೂರು ಲಾಳಿಯ ಸೀರೆ. ಅದಕ್ಕೆ ಒಂದೇ ಮಗ್ಗದಲ್ಲಿ ಇಬ್ಬರು ಅಕ್ಕಪಕ್ಕ ಕೂರಬೇಕು, ಈ ಅಂಚಿಗೊಬ್ಬರು, ಆ ಅಂಚಿಗೊಬ್ಬರು. ಅದನ್ನು ನನ್ನ ಮನಸ್ಸಿಗೆ ಒಪ್ಪುವ ಹಾಗೆ ನೇಯುವವರು ಹೊನ್ನೂರಸ್ವಾಮಿ ಮತ್ತು ಅವನ ಹೆಂಡತಿ ಮಂಜುಳಮ್ಮ. ಉದ್ದಕ್ಕೆ ಕಟ್ಟುವ ಎಳೆಗಳ ಹಾಸು, ರೇಷ್ಮೆ, ಜರಿ ಎಲ್ಲ ನನ್ನದು. ಮಗ್ಗ ಅವರದು, ನೇಯ್ದದ್ದಕ್ಕೆ ಮಜೂರಿ. ನಮ್ಮಪ್ಪ ಅವರಪ್ಪನಿಗೆ ಹಾಸು ಕೊಡುತ್ತಿದ್ದ ಕಾಲದಿಂದ ಹೀಗೇ ನಡೆದು ಬಂದಿದೆ. ಹೊನ್ನೂರ ನಮ್ಮ ಮನೆಯವನಿದ್ದ ಹಾಗೆ.

7 ಆಗಸ್ಟ್, ಗುರುವಾರ

ಇವತ್ತು ಕೈಮಗ್ಗ ದಿನ. ನೇಕಾರರಿಗೆ ಸನ್ಮಾನವಿತ್ತು. ವ್ಯಾಪಾರಿಗಳ ಪರವಾಗಿ ಏಕಾಂತಪ್ಪನವರು ಎರಡು ಮಾತಾಡಬೇಕು ಅಂತ ನನ್ನ ಹೆಸರು ಹಾಕಿದ್ದರು. ಬೆಳಿಗ್ಗೆ ಎದ್ದರೆ ಸುದ್ದಿ: ಇನ್ನೂ ಇಪ್ಪತ್ತೈದು ಸೇರಿಸಿ ಒಟ್ಟು ಐವತ್ತು ಮಾಡುತ್ತಾರಂತೆ. ಮೈ ಉರಿದುಹೋಯಿತು. ಬರೆದುಕೊಂಡು ಹೋಗಿದ್ದ ಭಾಷಣ ಜೇಬಿನಲ್ಲೇ ಉಳಿಯಿತು.

ಕೊಳ್ಳುವವನು ದೊಡ್ಡವನು ಅಂದಮಾತ್ರಕ್ಕೆ ದೇವರಲ್ಲ ಅಂದೆ. ಒಬ್ಬನನ್ನೇ ನೆಚ್ಚಿಕೊಂಡವನನ್ನು ಆ ಒಬ್ಬ ಕಾಲಕಸ ಮಾಡುತ್ತಾನೆ, ನಾಲ್ಕು ಬಾಗಿಲು ಇಟ್ಟುಕೊಂಡವನು ತಲೆಯೆತ್ತಿ ಬದುಕುತ್ತಾನೆ, ನಮ್ಮ ದೇಶ ಅದನ್ನೇ ಮಾಡುತ್ತಿದೆ ಅಂದೆ. ಇಲ್ಲೇ ನಮ್ಮ ವರವು ಕಾವಲಿನಲ್ಲಿ ಪೈಲಟ್ ಇಲ್ಲದ ವಿಮಾನ ಹಾರಿಸುವ ದೇಶ ಯಾರ ಮುಂದೆಯೂ ಕೈಕಟ್ಟಿ ನಿಲ್ಲುವುದಿಲ್ಲ ಅಂದಾಗ ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಹೊನ್ನೂರ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅವನು ಅಷ್ಟು ಗಮನ ಕೊಟ್ಟು ಭಾಷಣ ಕೇಳಿದ್ದನ್ನು ನಾನು ನೋಡಿರಲಿಲ್ಲ.

ನಾಳೆ ವರಮಹಾಲಕ್ಷ್ಮಿ. ಸಂಜೆ ಅಂಗಡಿ ತುಂಬ ಜನ. ಎಲ್ಲರೂ ಕಡಿಮೆ ಬೆಲೆಯದನ್ನೇ ಕೇಳುವವರು.

12 ಆಗಸ್ಟ್, ಮಂಗಳವಾರ

ಶಿವರಂಜನಿ ಫೋನ್ ಮಾಡಿದ್ದಳು. ಸುಂಕದ ಭಾರ ಅರ್ಧ ನೀವು ಹೊರಿ ಅಂಕಲ್, ಅರ್ಧ ನಾನು ಹೊರುತ್ತೇನೆ ಅಂದಳು. ಹಾಕಿದ್ದು ನಿಮ್ಮ ಸರ್ಕಾರ, ನಾನ್ಯಾಕೆ ಹೊರಲಿ ಅಂದೆ. ಯೋಚನೆ ಮಾಡಿ ಹೇಳಿ ಅಂತ ನಯವಾಗಿ ಫೋನ್ ಇಟ್ಟಳು. ನಯವಾಗಿ ಕುತ್ತಿಗೆ ಹಿಸುಕುವುದು ಅಂದರೆ ಇದೇ.

ಮಧ್ಯಾಹ್ನ ಹೊನ್ನೂರನ ಮನೆಗೆ ಹೋದೆ. ಕಾಲ ಕೆಟ್ಟಿದೆ, ಎಲ್ಲರೂ ಸ್ವಲ್ಪ ಸ್ವಲ್ಪ ಹೊರಬೇಕು, ಈ ಹಾಸಿನಿಂದ ಮಜೂರಿ ಇಳಿಸುತ್ತೇನೆ ಅಂದೆ. ನ್ಯಾಯವಾಗಿಯೇ ಹೇಳಿದೆ, ಜೋರು ಮಾಡಲಿಲ್ಲ. ಹೊನ್ನೂರ ಲಾಳಿ ನಿಲ್ಲಿಸಿದ. ಮಂಜುಳಮ್ಮ ಅಂಚಿನ ಕಡೆ ನೋಡುತ್ತಲೇ ಅಂದಳು:

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ."

ಆ ಹೆಂಗಸಿನ ಬಾಯಿ ಜಾಸ್ತಿಯಾಯಿತು. ಹೊನ್ನೂರನ ಮುಖ ನೋಡಿ ಸುಮ್ಮನೆ ಬಂದೆ.

25 ಆಗಸ್ಟ್, ಸೋಮವಾರ

ಮೊದಲ ಸೀರೆ ಮಗ್ಗದಿಂದ ಇಳಿದಿತ್ತು. ನಮೂನೆಗೆ ಕಳಿಸೋಣ ಅಂತ ಅಂಚೆ ಕಚೇರಿಗೆ ಹೋದರೆ ಇವತ್ತಿನಿಂದ ಅಮೆರಿಕಕ್ಕೆ ಪಾರ್ಸಲ್ ಇಲ್ಲವಂತೆ. ಅಲ್ಲಿ ಸುಂಕ ಹೇಗೆ ವಸೂಲಿ ಮಾಡುವುದು ಅಂತ ಯಾರಿಗೂ ಗೊತ್ತಿಲ್ಲವಂತೆ. ಹಾಕುವುದು ಗೊತ್ತು, ವಸೂಲಿ ಗೊತ್ತಿಲ್ಲ!

ಬಸ್ಸು ಹತ್ತಿ ಚಳ್ಳಕೆರೆಗೆ ಹೋದೆ. ದಾದಾಪೀರ್ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು, ಈಗ ಅಲ್ಲಿ ಪಾರ್ಸಲ್ ಆಫೀಸು ಇಟ್ಟಿದ್ದಾನೆ. ಕೊರಿಯರ್‌ನವರು ಒಯ್ಯುತ್ತಾರೆ, ಆದರೆ ಸುಂಕ ಇಲ್ಲೇ ಮುಂಚೆಯೇ ಕಟ್ಟಬೇಕು ಅಂದ. ಕಟ್ಟಲಾರೆ ಅಂದೆ. ಅವನ ಹೆಂಡತಿ ಸುಗ್ರಾ ಬೀ ಕಳಿಸಿದ ಚಹಾ ಕುಡಿಸಿ, ದೊಡ್ಡವರು ಮುನಿಸಿಕೊಂಡರೆ ಮೊದಲು ನಿಲ್ಲುವುದು ನಮ್ಮಂಥವರ ಗಂಟುಮೂಟೆ ಕಣಯ್ಯಾ ಅಂತ ನಕ್ಕ. ಅವನಿಗೆ ಎಲ್ಲದಕ್ಕೂ ನಗು. ಸೀರೆ ಮಡಿಲಲ್ಲಿಟ್ಟುಕೊಂಡು ವಾಪಸ್ ಬಂದೆ. ಬಿ.ಜಿ. ಕೆರೆ ಹತ್ತಿರ ಬಸ್ಸು ಕೆಟ್ಟು ನಿಂತಿತು, ಅದೊಂದು ಬಾಕಿಯಿತ್ತು.

27 ಆಗಸ್ಟ್, ಬುಧವಾರ

ಗಣೇಶನ ಹಬ್ಬ. ಇವತ್ತಿನಿಂದ ಐವತ್ತು ಜಾರಿಗೆ ಬಂತು. ಶಿವರಂಜನಿ ಆರ್ಡರ್ ನಿಲ್ಲಿಸುತ್ತೇನೆ ಅಂದಳು, ಸದ್ಯಕ್ಕೆ ಅಂತಲೂ ಸೇರಿಸಿದಳು. ಸದ್ಯಕ್ಕೂ ಬೇಡ, ಮುಂದಕ್ಕೂ ಬೇಡ, ನಿನ್ನ ಆರ್ಡರ್ ನೀನೇ ಇಟ್ಕೊಳಮ್ಮ ಅಂತ ಫೋನ್ ಇಟ್ಟೆ.

1 ಸೆಪ್ಟೆಂಬರ್, ಸೋಮವಾರ

ನಮ್ಮವರು ಚೀನಾಕ್ಕೆ ಹೋಗಿದ್ದಾರೆ. ಟಿ.ವಿ.ಯಲ್ಲಿ ನೋಡಿದೆ, ಚೀನಾದವರ ಕೈ, ರಷ್ಯಾದವರ ಕೈ, ಎಲ್ಲರ ಕೈಯೂ ಕುಲುಕಿದರು. ಎದೆ ತಣ್ಣಗಾಯಿತು. ಅಮೆರಿಕ ಒಂದು ಬಾಗಿಲು ಹಾಕಿಕೊಂಡರೆ ನಮಗೇನು, ಹತ್ತು ಬಾಗಿಲಿವೆ. ಐದು ವರ್ಷದ ಹಿಂದೆ ಗಡಿಯಲ್ಲಿ ಜಗಳವಾದಾಗ "ಇಲ್ಲಿ ಚೀನಾ ರೇಷ್ಮೆ ಮಾರುವುದಿಲ್ಲ" ಅಂತ ಅಂಗಡಿ ಮುಂದೆ ಬೋರ್ಡು ಹಾಕಿದ್ದವನು ನಾನೇ. ಬೋರ್ಡು ಈಗಲೂ ಅಟ್ಟದ ಮೇಲಿದೆ. ರಾಜಕಾರಣ ಅಂದರೆ ಹಾಗೆಯೇ, ಜಾಣ ಒಂದೇ ಕಡೆ ತಲೆ ಒತ್ತೆಯಿಡುವುದಿಲ್ಲ.

ಸಂಜೆ ಕೇಳಿದ ಸುದ್ದಿ ಬೇರೆ. ಹೊನ್ನೂರ ರಾಯದುರ್ಗಕ್ಕೆ ಹೋಗಿ ಅಲ್ಲಿನ ಸೀರೆ ವ್ಯಾಪಾರಿ ಅಂಜಿನೇಯನನ್ನು ಕಂಡುಬಂದಿದ್ದಾನಂತೆ. ನನ್ನ ಹಾಸು ಮುಗಿದ ಮೇಲೆ ಅವನ ಹಾಸು ಹಾಕಿಕೊಳ್ಳುತ್ತಾನಂತೆ. ಹೇಳದೆ ಕೇಳದೆ! ನಮ್ಮಪ್ಪನ ಕಾಲದ ನಂಟು. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದು. ದ್ರೋಹಿ.

6 ಸೆಪ್ಟೆಂಬರ್, ಶನಿವಾರ

ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಬೆಳಿಗ್ಗೆ ಹೊನ್ನೂರನ ಮನೆಗೆ ಹೋದೆ. ಮಗ್ಗದ ಮೇಲೆ ಎರಡನೆಯ ಸೀರೆ ಮುಗಿದಿತ್ತು, ಇನ್ನೊಂದಕ್ಕಾಗುವ ಹಾಸು ಉಳಿದಿತ್ತು. ರಾಯದುರ್ಗಕ್ಕೆ ಹೋಗಿದ್ದೆಯಾ ಅಂದೆ. ಹೋಗಿದ್ದೆ ಅಂದ. ಮುಚ್ಚಿಡಲೂ ಇಲ್ಲ. ಅವನು ಪೂರ್ತಿ ಮಜೂರಿ ಕೊಡುತ್ತಾನೆ, ನಿಮ್ಮ ಹಾಸೂ ನೇಯುತ್ತೇನೆ, ಅವನದೂ ನೇಯುತ್ತೇನೆ ಅಂತ ನನಗೇ ಸಮಾಧಾನ ಹೇಳಿದ.

"ಲೇ ಹೊನ್ನೂರ, ಒಂದು ಮಗ್ಗಕ್ಕೆ ಒಬ್ಬನೇ ಸಾವ್ಕಾರ. ನಾನೋ ಅವನೋ, ಈಗ್ಲೇ ಹೇಳು."

ಅವನು ತುಂಬ ಹೊತ್ತು ಕೈ ಒರೆಸಿಕೊಂಡ.

"ಹಾಸು ನಿಮ್ದು ಸಾವ್ಕಾರ್ರೆ. ಮಗ್ಗ ನಂದು."

ಅಷ್ಟೇ ಅಂದದ್ದು. ನನ್ನ ಹಾಸು ನಾನೇ ಒಯ್ಯುತ್ತೇನೆ ಅಂತ ಕತ್ತರಿ ತಗೊಂಡೆ.

ಹಾಸು ತೆಗೆಯುವಾಗ ಒಂದು ಪದ್ಧತಿಯಿದೆ. ಎಳೆಗಳೆಲ್ಲ ಬಾಚಣಿಗೆಯ ಹಲ್ಲಿನಂಥ ಹಣಿಗೆಯಲ್ಲಿ ಒಂದೊಂದಾಗಿ ಹಾದು ಬಂದಿರುತ್ತವೆ. ಅದರ ಹಿಂದೆ ಮೊಳದಷ್ಟು ಎಳೆ ಬಿಟ್ಟು ಕತ್ತರಿಸಬೇಕು. ಆ ಮೊಂಡು ತುದಿಗಳು ಮಗ್ಗದಲ್ಲೇ ಉಳಿಯುತ್ತವೆ, ಮುಂದಿನ ಹಾಸು ಯಾರದೇ ಆಗಲಿ, ಅವಕ್ಕೆ ಹೊಸೆದು ಎಳೆದುಕೊಂಡರೆ ಕೆಲಸ ಸಲೀಸು. ಎಷ್ಟೇ ಜಗಳವಾಡಿದರೂ ಮೊಳ ಎಳೆ ಬಿಡದೆ ಯಾರೂ ಹೋಗುವುದಿಲ್ಲ. ಪೂರ್ತಿ ಕೀಳುವುದು ಮಗ್ಗ ಮಾರುವಾಗ ಮಾತ್ರ.

ನಾನು ಮುಂದಿನಿಂದ ಕತ್ತರಿಸಿ ಹಿಂದಿನಿಂದ ಸರ್ರನೆ ಎಳೆದುಬಿಟ್ಟೆ. ಎಲ್ಲ ಎಳೆಯೂ ಹಣಿಗೆಯಿಂದ ಜಾರಿ ಬಂದವು. ಒಂದೂ ಉಳಿಯಲಿಲ್ಲ.

ಹೊನ್ನೂರ ತಡೆಯಲು ಒಂದು ಹೆಜ್ಜೆ ಬಂದವನು ನಿಂತ. ಮಂಜುಳಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಆಮೇಲೆ ಗಂಡನಿಗೆ ಅವರ ತೆಲುಗಿನಲ್ಲಿ "ಪೋನೀಲೇ" ಅಂದಳು, ಹೋಗಲಿ ಬಿಡು ಅಂತ. ಅವಳು ಬೈದಿದ್ದರೆ ಚೆನ್ನಾಗಿತ್ತು. ಹಾಸು ಸುತ್ತಿಕೊಂಡು ಬಂದೆ. ಅಂಗಡಿ ತೆಗೆಯಲಿಲ್ಲ.

8 ಸೆಪ್ಟೆಂಬರ್, ಸೋಮವಾರ

ಸರಿಯಾಗಿಯೇ ಮಾಡಿದ್ದೇನೆ.

14 ಸೆಪ್ಟೆಂಬರ್, ಭಾನುವಾರ

ಹಾಸನ್ನು ತಿಪ್ಪೇರುದ್ರನಿಗೆ ಕೊಟ್ಟಿದ್ದೆ, ಕೆಳಗಿನ ಬೀದಿಯ ನೇಕಾರ. ಇವತ್ತು ವಾಪಸ್ ತಂದಿಟ್ಟ. ಇದು ಇಬ್ಬರು ಕೂರುವ ಸೀರೆ, ನನ್ನ ಮನೆಯಲ್ಲಿ ನಾನೊಬ್ಬನೇ ಅಂದ. ಹೋಗುವಾಗ ಬಾಗಿಲಲ್ಲಿ ನಿಂತು, ಹೊನ್ನೂರಣ್ಣನ ಹಣಿಗೆ ಬೋಳು ಮಾಡಿದಿರಂತೆ, ಹೌದಾ ಅಂತ ಕೇಳಿದ. ನೇಕಾರರ ಬೀದಿಗೆಲ್ಲ ಗೊತ್ತಾಗಿದೆ. ಅಂಗಡಿ ಮುಂದೆ ಹಾದುಹೋಗುವವರು ಮೊದಲಿನ ಹಾಗೆ ಶರಣು ಹೇಳುವುದಿಲ್ಲ.

ಮನೆಯಲ್ಲೂ ಸುಂಕ ಜಾರಿಯಾಗಿದೆ. ಸುಲೋಚನ ಕೇಳಿದ್ದಕ್ಕಷ್ಟೇ ಉತ್ತರ, ಬಡಿಸಿದ್ದಷ್ಟೇ ಊಟ. ಕೊನೆಗೆ ನಾನೇ, ನಿನಗೇನಾಗಿದೆ ಅಂದೆ.

"ಕೋಪದಾಗೆ ಕೊಯ್ದ ಮೂಗು ಶಾಂತವಾದ ಮೇಲೆ ಬರ್ತೈತೇನ್ರಿ?" ಅಂದಳು.

ಗಾದೆ ಹೇಳುವುದು ಸುಲಭ. ವ್ಯಾಪಾರ ಮಾಡಿ ನೋಡಲಿ.

19 ಸೆಪ್ಟೆಂಬರ್, ಶುಕ್ರವಾರ

ಬೆಳಿಗ್ಗೆ ಹಾಲಿಗೆ ಹೋದಾಗ ಬಸ್ ನಿಲ್ದಾಣದಲ್ಲಿ ಮಂಜುಳಮ್ಮನನ್ನು ಕಂಡೆ. ಚಳ್ಳಕೆರೆ ಕಡೆಯ ಗಾರ್ಮೆಂಟ್ಸ್‌ನವರ ವ್ಯಾನಿಗೆ ಕಾಯುತ್ತಿದ್ದಳು, ಕೈಯಲ್ಲಿ ಬುತ್ತಿ ಚೀಲ. ಗುಂಡಿ ಹಚ್ಚುವ ಕೆಲಸವಂತೆ. ಗೋಪುರದ ಅಂಚು ಏರಿಸುವ ಕೈಯಲ್ಲಿ ಅಂಗಿ ಗುಂಡಿ! ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ, ಅಕ್ಕ ಚೆನ್ನಾಗಿದ್ದಾರಾ ಅಂತ ಸುಲೋಚನಳನ್ನು ವಿಚಾರಿಸಿದಳು. ಹಾಲು ಕೆಡುತ್ತದೆ ಅಂತ ಹೊರಟುಬಿಟ್ಟೆ.

ಆಮೇಲೆ ತಿಪ್ಪೇರುದ್ರನಿಂದ ತಿಳಿಯಿತು. ಅಂಜಿನೇಯನ ಹಾಸು ಬಂದು ಮನೆಯಲ್ಲಿ ಬಿದ್ದಿದೆ, ಏರಿಸಲು ಆಗಿಲ್ಲ. ಹೊಸೆಯಲು ಹಳೆಯ ತುದಿ ಇಲ್ಲವಲ್ಲ. ಸಾವಿರಾರು ಎಳೆಗಳನ್ನು ಮೊದಲಿನಿಂದ ಒಂದೊಂದಾಗಿ ಹಣಿಗೆಗೆ ಪೋಣಿಸಬೇಕು, ಹಿಂದಿನಿಂದ ಒಬ್ಬರು ಎಳೆ ಕೊಡಬೇಕು, ಮುಂದಿನಿಂದ ಒಬ್ಬರು ಎಳೆದುಕೊಳ್ಳಬೇಕು. ದಿನಗಟ್ಟಲೆ ಕೆಲಸ, ಅಷ್ಟು ದಿನ ಮಜೂರಿ ಇಲ್ಲ. ಉಣ್ಣಬೇಕಲ್ಲ, ಅದಕ್ಕೇ ಅವಳು ವ್ಯಾನು ಹತ್ತಿದ್ದು. ಅವನು ಒಂಟಿ.

ನನಗೇನು? ನಾನು ನನ್ನ ಹಾಸು ತಂದೆ, ಅವನ ಮಗ್ಗ ಒಡೆಯಲಿಲ್ಲ. ಆರಿಸಿಕೊಂಡವನು ಅವನು. ರಾಯದುರ್ಗದವನೇ ಬಂದು ಎಳೆ ಕೊಡಲಿ. ಯಾಕೆ ಇಷ್ಟು ಉದ್ದ ಬರೆದೆನೋ, ಇವತ್ತು ಅಂಗಡಿಯಲ್ಲಿ ಬೇರೆ ಕೆಲಸವೂ ಇರಲಿಲ್ಲ.

1 ಅಕ್ಟೋಬರ್, ಬುಧವಾರ

ಆಯುಧ ಪೂಜೆ. ನಮ್ಮ ಹಾಸು ಇರುವ ಪ್ರತಿ ಮಗ್ಗಕ್ಕೂ ಮೊದಲ ಕಾಯಿ ನಮ್ಮ ಮನೆಯದು, ಅಪ್ಪ ಇದ್ದಾಗಿನಿಂದ. ಹೊನ್ನೂರನ ಮನೆ ಬಿಟ್ಟು ಉಳಿದವರಲ್ಲಿಗೆಲ್ಲ ಹೋಗಿಬಂದೆ. ಹೊನ್ನೂರನಲ್ಲಿಗೆ ಸುಲೋಚನ ನನ್ನನ್ನು ಕೇಳದೆ ತಾನೇ ಹೋದಳು. ನಾನು ಬೇಡ ಅನ್ನಲೂ ಇಲ್ಲ.

ಬಂದವಳು ಕಾಲು ತೊಳೆದು, ಕೂತು, ಹೇಳಿದಳು. ಮಗ್ಗಕ್ಕೆ ಸುಣ್ಣ ಬಳಿದು, ಚೆಂಡು ಹೂವು ಕಟ್ಟಿದ್ದರಂತೆ. ಬರಿದಾದ ಮಗ್ಗಕ್ಕೆ ಆರತಿ ಎತ್ತಬಾರದು ಅಂತ ಮಂಜುಳಮ್ಮ ಅರಿಶಿನದ ದಾರ ತಂದು ಹಣಿಗೆಯಲ್ಲಿ ಒಂದು ಎಳೆ ಪೋಣಿಸಿ ಕಟ್ಟಿದ್ದಳಂತೆ. ಅಷ್ಟು ಅಗಲದ ಹಣಿಗೆಯಲ್ಲಿ ಒಂದೇ ಎಳೆ.

ರಾತ್ರಿ ಊಟ ಬೇಡ ಅಂದೆ. ಹೋಳಿಗೆ ಜಾಸ್ತಿ ತಿಂದಿದ್ದೆ.

8 ಅಕ್ಟೋಬರ್, ಬುಧವಾರ
ಚಳ್ಳಕೆರೆ

ಜರಿ ಪಾರ್ಸಲ್ ಬಿಡಿಸಿಕೊಳ್ಳಲು ಬಂದವನು ದಾದಾಪೀರನ ಆಫೀಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಬಸ್ಸಿಗೆ ಇನ್ನೂ ಹೊತ್ತಿದೆ. ಅವನ ಟಿ.ವಿ.ಯಲ್ಲಿ ಎರಡು ದೇಶಗಳ ಮಾತುಕತೆ ಯಾವಾಗ, ಮೊದಲು ಯಾರು ಫೋನ್ ಮಾಡುತ್ತಾರೆ ಅಂತ ನಾಲ್ಕು ಜನ ಕಿರುಚುತ್ತಿದ್ದರು. ಮೊದಲಾದರೆ ನಾನೂ ಕಿರುಚುತ್ತಿದ್ದೆ. ಇವತ್ತು ತಲೆ ಸಿಡಿಯಿತು, ಸದ್ದು ಕಡಿಮೆ ಮಾಡೋ ಅಂದೆ.

ದಾದಾಪೀರ್‌ಗೆ ಹೊನ್ನೂರನ ವಿಷಯ ಹೇಳಿದೆ, ನನ್ನ ತಪ್ಪಿಲ್ಲ ಅಂತ ಗೊತ್ತಾಗಲಿ ಅಂತ. ಎಲ್ಲ ಕೇಳಿ, ನೀನು ಹೋಗಿ ಮಾತಾಡಿಸಿದೆಯಾ ಅಂದ. ಅವನು ಬರಲಿ, ಅವನಿಗೆ ನನ್ನ ಹಾಸು ಬೇಕು, ನನಗೆ ಅವನೇನೂ ಬೇಕಾಗಿಲ್ಲ ಅಂದೆ.

"ಅವ್ರೂ ಅದನ್ನೇ ಅಂತಾವ್ರೆ ನೋಡು," ಅಂತ ದಾದಾಪೀರ್ ಟಿ.ವಿ. ಕಡೆ ಗಲ್ಲ ಎತ್ತಿದ.

ಯಾವುದಕ್ಕೆ ಯಾವುದನ್ನೋ ತಳುಕು ಹಾಕುತ್ತಾನೆ. ದೇಶದ ವಿಚಾರವೇ ಬೇರೆ, ಮಗ್ಗದ ವಿಚಾರವೇ ಬೇರೆ. ಚಹಾ ಬಿಟ್ಟು ಎದ್ದೆ, ಮತ್ತೆ ಕೂತು ಕುಡಿದೆ.

15 ಅಕ್ಟೋಬರ್, ಬುಧವಾರ

ಅಂಚೆಯವರು ಇವತ್ತಿನಿಂದ ಅಮೆರಿಕದ ಪಾರ್ಸಲ್ ತಗೊಳ್ಳುತ್ತಿದ್ದಾರೆ. ಸುಂಕ ಹಾಗೇ ಇದೆ, ಕಟ್ಟಲು ದಾರಿ ಮಾಡಿದ್ದಾರೆ ಅಷ್ಟೆ. ಮಧ್ಯಾಹ್ನವೆಲ್ಲ ಫೋನ್ ಕೈಯಲ್ಲಿ ಹಿಡಿದಿದ್ದೆ. ಅಲ್ಲಿ ಬೆಳಗಾಗಲಿ ಅಂತ ಕಾದು, ಸಂಜೆ ನಾನೇ ಶಿವರಂಜನಿಗೆ ಮಾಡಿದೆ. ಅರ್ಧ ಹೊರುತ್ತೇನಮ್ಮ ಅಂದೆ. ಯಾಕೆ ಹಾಗೆ ಅಂದೆನೋ, ಅಗ್ಗಕ್ಕೆ ಬಿದ್ದೆ ಅಂದುಕೊಂಡಳೋ ಏನೋ.

ಅವಳು ಆಗಲೇ ಬೇರೆ ದೇಶದಿಂದ ಮೆಷಿನ್ನಿನಲ್ಲಿ ನೇಯ್ದ ಅದೇ ಥರದ ಅಂಚಿನ ಸೀರೆ ತರಿಸಿಬಿಟ್ಟಿದ್ದಾಳಂತೆ.

"ಅಂಕಲ್, ನೀವು ಅವತ್ತು ಮುಂದೆ ನೋಡೋಣ ಅಂತ ಒಂದು ಮಾತು ಅಂದಿದ್ರೆ ನಾನು ಕಾಯ್ತಿದ್ದೆ."

ಹೌದಮ್ಮ ಅಂದೆ. ಮುಂದಿನ ವರ್ಷ ಯಾವಾಗಲಾದರೂ ಫೋನ್ ಮಾಡುತ್ತೇನೆ ಅಂದಳು. ಬಾಯಿಮಾತಿಗೆ ಹೇಳಿದ್ದೇ ಇರಬಹುದು, ಆದರೂ ಅಷ್ಟು ಹೇಳಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ನಾಚಿಕೆಗೇಡು. ಗಲ್ಲಾ ಮೇಲಿನ ದೇವರಿಗೆ ಊದುಬತ್ತಿ ಹಚ್ಚಿದೆ, ಕಣ್ಣೀರು ಹೊಗೆಗೆ ಅಂತ ಆಯಿತು.

18 ಅಕ್ಟೋಬರ್, ಶನಿವಾರ

ನನ್ನ ಹಾಸನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಹೊನ್ನೂರನ ಮನೆಗೆ ಹೋದೆ. ರಾಜಿಗೆ ಅಲ್ಲ, ವ್ಯಾಪಾರಕ್ಕೆ ಅಂತ ಸುಲೋಚನಳಿಗೆ ಹೇಳಿದೆ. ಅವಳು ನಾನು ಕೇಳದಿದ್ದರೂ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಬಾಗಿಲು ತೆರೆದೇ ಇತ್ತು. ಮಗ್ಗಕ್ಕೆ ಬೇರೆ ಹಾಸು ಏರಿತ್ತು, ಕಡು ಹಸಿರು. ಹೊನ್ನೂರ ಒಬ್ಬನೇ. ಹಿಂದೆ ಹೋಗಿ ಒಂದು ಎಳೆ ಹುಡುಕಿ ಹಿಡಿದು, ಬಗ್ಗಿ ಮುಂದೆ ಬಂದು, ಕೊಕ್ಕೆಯಿಂದ ಹಣಿಗೆಗೆ ಎಳೆದುಕೊಂಡು, ಮತ್ತೆ ಎದ್ದು ಹಿಂದೆ ಹೋಗುತ್ತಿದ್ದ. ಒಂದು ಎಳೆಗೆ ಒಂದು ಸುತ್ತು. ಎರಡು ಭಾನುವಾರ ಮಂಜುಳಮ್ಮನ ಜೊತೆ ಕೂತನಂತೆ, ವಾರವೆಲ್ಲ ಸೂಜಿ ನೋಡಿದ ಕಣ್ಣು ಅವಳದು, ನೀರು ಸುರಿಯಿತಂತೆ. ಇದನ್ನೆಲ್ಲ ಅವನು ಆಮೇಲೆ ಹೇಳಿದ್ದು. ಆಗ ಬನ್ನಿ ಅಂತಲೂ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ.

ನಿಂತು ನೋಡಿದೆ. ನೋಡಲಾಗಲಿಲ್ಲ. ಅಂಗಿ ಕೈ ಮಡಿಸಿ ಮಗ್ಗದ ಹಿಂದೆ ಹೋಗಿ ಕೂತೆ. ಚಿಕ್ಕಂದಿನಲ್ಲಿ ಅಪ್ಪ ಶಾಲೆಯ ರಜದಲ್ಲಿ ನನ್ನನ್ನು ಇದೇ ಕೆಲಸಕ್ಕೆ ಕೂರಿಸುತ್ತಿದ್ದ, ಬೆರಳಿಗೆ ಮರೆತಿರಲಿಲ್ಲ. ಮೊದಲ ಎಳೆ ಬಿಡಿಸಿ ಮುಂದಕ್ಕೆ ಚಾಚಿದೆ.

ಅವನು ತಗೊಳ್ಳಲಿಲ್ಲ.

"ಸಾವ್ಕಾರ್ರೆ, ಇದು ರಾಯದುರ್ಗದ ಹಾಸು."

"ಗೊತ್ತೈತೆ. ಎಳೆ ಹಿಡಿ."

ಹಿಡಿದ. ಮಧ್ಯಾಹ್ನದವರೆಗೆ ನಾನು ಕೊಡುವುದು, ಅವನು ಎಳೆದುಕೊಳ್ಳುವುದು. ಎಳೆಗಳ ಸಂದಿಯಲ್ಲಿ ಅವನ ಮುಖ ತುಂಡು ತುಂಡಾಗಿ ಕಾಣುತ್ತಿತ್ತು. ಬಡಕಲಾಗಿದ್ದಾನೆ. ಉಪ್ಪಿಟ್ಟು ತಿಂದೆವು. ಆಮೇಲೆ ಒಂದೊಂದೇ ಮಾತು ಬಂತು, ಮಂಜುಳಮ್ಮನ ಕಣ್ಣು, ತಿಪ್ಪೇರುದ್ರನ ಚಾಡಿ. ಮಜೂರಿಯ ಮಾತು ಅವನು ಎತ್ತಲಿಲ್ಲ. ಮುಂದೆ ಯಾವತ್ತಾದರೂ ನನ್ನ ಕೆಲಸ ಮಾಡಿದರೆ ಹಳೆಯ ಮಜೂರಿಯೇ, ರಾಯದುರ್ಗದವನಿಗೂ ಮಾಡು, ನನಗೇನು ಅಂದೆ. ಹೇಗೂ ನನ್ನ ಹತ್ತಿರ ಈಗ ಆರ್ಡರೇ ಇಲ್ಲ. ತಪ್ಪಾಯಿತು ಅಂತ ಹೇಳಬೇಕು ಅಂದುಕೊಂಡಿದ್ದೆ, ಎಳೆ ಕೊಡುವುದರಲ್ಲಿ ಮರೆತುಹೋಯಿತು. ನನ್ನ ಹಾಸು ಸ್ಕೂಟರಿನಲ್ಲೇ ಇತ್ತು, ಹಾಗೇ ವಾಪಸ್ ತಂದೆ.

ಬೆನ್ನು ಮುರಿದಿದೆ. ಸುಲೋಚನ ಅರಿಶಿನ ಸುಣ್ಣ ಕಲಸಿ ಪಟ್ಟು ಹಾಕುತ್ತಾ, ಅಮೆರಿಕದವರ ಮಾತುಕತೆ ಏನಾಯಿತಂತೆ ಅಂತ ಕೇಳಿದಳು. ಗೊತ್ತಿಲ್ಲ, ಇವತ್ತು ಟಿ.ವಿ. ನೋಡಲಿಲ್ಲ ಅಂದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ನಾಳೆ ಮತ್ತೆ ಹೋಗಬೇಕು, ಇನ್ನೂ ಅರ್ಧ ಹಣಿಗೆ ಬಾಕಿಯಿದೆ. ಭಾನುವಾರ ಮಂಜುಳಮ್ಮ ಮನೆಯಲ್ಲಿರುತ್ತಾಳೆ. ಇದ್ದರೂ ನಾನೇ ಕೂರುತ್ತೇನೆ, ಅವಳು ಮಲಗಿಕೊಳ್ಳಲಿ.

ಒಂದು ಬರೆಯುವುದು ಬಿಟ್ಟೆ. ಹೊರಡುವಾಗ ಹೊನ್ನೂರ ಸ್ಕೂಟರಿನವರೆಗೆ ಬಂದ. ಸೀಟಿನ ಮುಂದೆ ಸುತ್ತಿಟ್ಟಿದ್ದ ನನ್ನ ಹಾಸನ್ನು ನೋಡಿದ, ಧೂಳು ಕೂತಿದ್ದನ್ನು ಕೈಯಿಂದ ಒರೆಸಿದ.

"ಹಸಿರು ಸೀರೆ ಇಳಿಸುವಾಗ ಮೊಳದಷ್ಟು ಎಳೆ ಬಿಟ್ಟು ಕತ್ತರಿಸ್ತೀನಿ, ಸಾವ್ಕಾರ್ರೆ," ಅಂದ.

ಹೂಂ ಅಂದೆ. ಸ್ಕೂಟರ್ ಎರಡು ಸಲ ಒದ್ದ ಮೇಲೆ ಚಾಲೂ ಆಯಿತು.